ಬಾವಿಯ ಎಡಕ್ಕೆ

ಬಾವಿ ಮನೆಯ ಎಡಕ್ಕಿತ್ತೋ, ಮನೆ ಬಾವಿಯ ಎಡಕ್ಕಿತ್ತೋ ಎಂಬ ಪ್ರಶ್ನೆ ಜಗದೀಶನಿಗೆ ಹಲ್ಲುಜ್ಜುವಾಗ ಹುಟ್ಟಿತು. ಎರಡೂ ಒಂದೇ ಅಲ್ಲವೆಂದು ಅರ್ಥವಾಗುವಷ್ಟರಲ್ಲಿ ಪೇಸ್ಟಿನ ನೊರೆ ಗಲ್ಲದಿಂದಿಳಿದು ಬನಿಯನ್ನಿಗೆ ಬಿದ್ದಿತ್ತು. ಬಚ್ಚಲ ಗೋಡೆಯಾಚೆ ಅಮದಳ್ಳಿಯ ಬೆಳಗು ಎಂದಿನಂತೆ ನಡೆದಿತ್ತು: ಮೀನಿನವಳ ಕೂಗು, ಹೆದ್ದಾರಿಯ ಲಾರಿ, ಪಕ್ಕದ ಮನೆಯ ಮಿಕ್ಸರ್. ಅವನು ಕಣ್ಣು ಮುಚ್ಚಿದ. ಕಟ್ಟೆ ಒಡೆದ ಬಾವಿ. ಅದರ ಮೇಲೆ ಬಾಗಿದ ಒಂದು ತೆಂಗಿನಮರ. ಬಾವಿಯ ಎಡಕ್ಕೆ ಕಾಲುದಾರಿ. ದಾರಿಯ ಕೊನೆಗೆ ಕಲ್ಲು. ಚಿತ್ರ ಸ್ಪಷ್ಟವಾಗಿತ್ತು, ಸಂಶಯ ಬರುವಷ್ಟು ಸ್ಪಷ್ಟವಾಗಿತ್ತು. ಒಂಬತ್ತನೆಯ ವಯಸ್ಸಿಗೆ ಬಿಟ್ಟುಬಂದ ಊರು ಇಷ್ಟು ನೀಟಾಗಿ ಯಾರಿಗೆ ನೆನಪಿರುತ್ತದೆ? ಬೆಳಕು ಕೂಡ ಒಂದೇ ಕಡೆಯಿಂದ ಬೀಳುತ್ತಿತ್ತು, ತುಸು ಕಿತ್ತಳೆ ಬಣ್ಣದ್ದು. ಅಂಥ ಬೆಳಕನ್ನು ಅವನು ಕಾರವಾರದ ಸೀಮೆಯಲ್ಲಿ ಕಂಡದ್ದಿಲ್ಲ. ಕಂಡದ್ದು ಆಟದಲ್ಲಿ.

ಆಟವೆಂದರೆ ಕಂಪ್ಯೂಟರಿನದು. ಜಗದೀಶ ಅಂಕೋಲಾದ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಮಿಶಿನ್ನನ್ನು, ಜಾಗ ತಿನ್ನುತ್ತದೆಂದು, ಮಾಲಕ ಇವನ ತಲೆಗೇ ಕಟ್ಟಿದ್ದ. ಆಟ ಅದರ ಹೊಟ್ಟೆಯಲ್ಲಿತ್ತು. ಅದರಲ್ಲಿ ಅಣುಬಾಂಬಿನ ಮಹಾಯುದ್ಧ ಮುಗಿದು ಎಷ್ಟೋ ಕಾಲವಾಗಿದೆ, ಲೋಕವೆಲ್ಲ ಹಾಳುಬಿದ್ದಿದೆ, ಆಡುವವನು ಒಬ್ಬನೇ ಆ ವಿಸ್ತಾರದಲ್ಲಿ ಮನಸ್ಸು ಬಂದ ಕಡೆ ತಿರುಗುತ್ತ, ಜನ ಬಿಟ್ಟುಹೋದ ಮನೆಗಳನ್ನು ಹೊಕ್ಕು, ಡಬ್ಬಿ, ತಂತಿ, ಚಮಚ, ಸ್ಕ್ರೂ, ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬುತ್ತ ಬದುಕಬೇಕು. ಚೀಲ ಭಾರವಾದರೆ ಓಡಲಾಗುವುದಿಲ್ಲ. ಎದುರಿಗೆ ಯಾರಾದರೂ ಬಂದು ಮಾತಾಡಿಸಿದರೆ ಪರದೆಯ ಕೆಳಗೆ ನಾಲ್ಕು ಉತ್ತರಗಳು ಮೂಡುತ್ತವೆ, ಒಂದನ್ನು ಒತ್ತಿದರಾಯಿತು. ಗಿರಾಕಿ ಬೈದು ಮೆಟ್ಟಿಲಿಳಿದು ಹೋದ ಮೇಲೆ ತಕ್ಕ ಉತ್ತರ ಹೊಳೆಯುವ ಸ್ವಭಾವದ ಜಗದೀಶನಿಗೆ ಈ ಏರ್ಪಾಡು ಬಹಳ ಸೇರಿತ್ತು. ಮಾದ ಚಿಕ್ಕಪ್ಪ ಒಮ್ಮೆ ಹಿಂದೆ ನಿಂತು ನೋಡಿ, “ಕೈಗಾ ಒಡೆದ್ರೆ ಹೀಂಗೇ ಆಗೂದು” ಎಂದು ತೀರ್ಮಾನ ಕೊಟ್ಟು ಹೋಗಿದ್ದ. ಹೆಂಡತಿ ಭಾರತಿ ಅಗಸೂರಿನವಳು, ಮಾತನ್ನು ಒಣಗಿಸಿ ಉಪ್ಪು ಹಾಕಿ ಇಡುವವಳು. “ಆ ಹಾಳೂರಲ್ಲಿ ತಿರುಗೂ ಹೊತ್ತಲ್ಲಿ ಅರ್ಧ ಈ ಮನೇಲಿ ತಿರುಗಿದ್ರೂ ಬಚ್ಚಲ ಬಾಗ್ಲ ಚಿಲಕ ಸರಿ ಆಗ್ತಿತ್ತು,” ಎನ್ನುತ್ತಿದ್ದಳು. ಈಗಲೂ ಚಿಲಕ ಬೀಳದ ಆ ಬಾಗಿಲನ್ನು ಜಗದೀಶ ಕಾಲಿನಿಂದ ಒತ್ತಿ ಹಿಡಿದೇ ಬಾಯಿ ಮುಕ್ಕಳಿಸಿದ.

ಅವ್ವಿಯೊಬ್ಬಳೇ ಆಟವನ್ನು ಆಟವೆಂದು ಒಪ್ಪಿರಲಿಲ್ಲ. ತಾಯಿ ಗಂಗಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮಂಡಿ ಮೊದಲೇ ಹೋಗಿತ್ತು. ಕಂಪ್ಯೂಟರ್ ಇದ್ದ ಕೋಣೆಯಲ್ಲೇ ಅವಳ ಮಂಚ. ಅವಳು ಆಟವನ್ನು ಕೇಳುತ್ತಿದ್ದಳು: ಗಾಳಿ, ತಗಡು ಬಡಿಯುವ ಸದ್ದು, ಮಗನ ಪಾತ್ರದ ಬೂಟಿನ ಸದ್ದು, ಎಲ್ಲೋ ಒಂದು ಕಾಗೆ.

“ಯಾರ ಊರೋ ಅದು?”

“ಯಾರದ್ದೂ ಅಲ್ಲ ಅವ್ವಿ. ಆಟದ್ದು.”

“ಊರಂದ್ಮೇಲೆ ಯಾರದ್ದಾರೂ ಇರ್ತದೆ. ಈಗೆಂತ ಮಾಡ್ತಿದ್ದಿ?”

“ಒಂದು ಮನೆ ಒಳಗೆ ಹೋದೆ. ಪಾತ್ರೆ ತೆಗೀತಿದ್ದೆ.”

“ಯಾರ ಪಾತ್ರೆ?”

ಇಂಥ ಪ್ರಶ್ನೆಗೆ ಪರದೆಯ ಕೆಳಗೆ ಯಾವ ಉತ್ತರವೂ ಮೂಡುತ್ತಿರಲಿಲ್ಲ. ಅವನು ಪಾತ್ರೆಯನ್ನು ಚೀಲಕ್ಕೆ ಹಾಕುತ್ತಿದ್ದ, ಆದರೆ ಸದ್ದಾಗದಂತೆ ಧ್ವನಿ ತಗ್ಗಿಸುತ್ತಿದ್ದ.

ಇವತ್ತು ಅವ್ವಿ ಬೆಳಗಿನ ಗಂಜಿ ಮುಟ್ಟಿರಲಿಲ್ಲ. ಮನೆದೈವ ಜಟಗನಿಗೆ ಕಾಯಿ ಒಡೆದ ಸುದ್ದಿ ಬಂದ ಮೇಲೆಯೇ ಅವಳು ಉಣ್ಣುವವಳು. ನೌಕಾನೆಲೆಯ ಬೇಲಿಯೊಳಗೆ ಹೋದ ಅವರ ಹಳೆಯ ಊರಿನಲ್ಲಿ ಮನೆಗೊಂದು ಜಟಗನ ಕಲ್ಲಿತ್ತು, ಹಿತ್ತಲ ಮೂಲೆಯಲ್ಲಿ, ಗದ್ದೆಯ ಅಂಚಿಗೆ. ಸುಗ್ಗಿಗೆ ಮೊದಲು ಅದಕ್ಕೊಂದು ಕಾಯಿ. ಊರು ಬಿಡುವಾಗ ಜನ ಹೆಂಚು, ಪಕಾಸು, ಬಾಗಿಲು, ಕಿಟಕಿ ಎಲ್ಲವನ್ನೂ ತಾವೇ ಬಿಚ್ಚಿ ಲಾರಿಗೆ ಹೇರಿಕೊಂಡರು. ಜಟಗನನ್ನು ಮಾತ್ರ ಕೀಳಬಾರದೆಂದು ಬಿಟ್ಟರು. ಅಲ್ಲಿಂದ ಈಚೆಗೆ ಅವನು ಉಪವಾಸ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಭಾರತಿಯ ಬಸಿರು ನಿಲ್ಲದೆ ಹೋದಾಗಲೂ, ಅವ್ವಿ ದಕ್ಷಿಣಕ್ಕೂ ಅಲ್ಲದ ಪಶ್ಚಿಮಕ್ಕೂ ಅಲ್ಲದ ಒಂದು ದಿಕ್ಕಿಗೆ ತಿರುಗಿ ಕೈ ಮುಗಿಯುತ್ತಿದ್ದಳು. ಈ ವರ್ಷ ಮಾದ ಚಿಕ್ಕಪ್ಪ ಎಲ್ಲೆಲ್ಲೋ ಓಡಾಡಿ ಇಬ್ಬರಿಗೆ, ಒಂದು ಬೆಳಗಿನ ಮಟ್ಟಿಗೆ, ಒಳಗೆ ಹೋಗಲು ಪರವಾನಗಿ ತಂದಿದ್ದ. ಅಪ್ಪ ಇದ್ದಿದ್ದರೆ ಅಪ್ಪ ನಡೆಯುತ್ತಿದ್ದ. ಈಗ ಹಿರಿಮನೆಯ ಹಿರಿಮಗ ಜಗದೀಶ ನಡೆಯಬೇಕು. ಕ್ರಮ ಹೀಗೆ: ಕಾಯಿಯ ಬುಟ್ಟಿ ಹಿಡಿದವನು ಮುಂದೆ, ಉಳಿದವರು ಹಿಂದೆ. ನಡಿಗೆ ಸುರುವಾದ ಮೇಲೆ ಅವನು ಮಾತಾಡಬಾರದು, ತಿರುಗಿ ನೋಡಬಾರದು, ದಾರಿ ಕೇಳಬಾರದು, ಹಿಂದಿನವರು ಹೇಳಲೂಬಾರದು. ಅವನು ಬುಟ್ಟಿ ಇಳಿಸಿದಲ್ಲಿ ಜಟಗ. ಒಡೆದ ಕಾಯಿಯನ್ನು ಅಲ್ಲೇ ತಿಂದು ಮುಗಿಸಬೇಕು. ಅಲ್ಲಿಂದ ಏನನ್ನೂ ತರುವಂತಿಲ್ಲ, ಕಾಲಿನ ಧೂಳನ್ನೂ ಕೊಡವಿ ಬರಬೇಕು.

“ಜಾಗ ನೆನಪದೆ ಅಲ್ದ ತಮಾ?” ಎಂದು ಅವ್ವಿ ಹೊರಡುವಾಗ ಕೇಳಿದಳು.

“ಅದೆ,” ಎಂದ ಜಗದೀಶ. ನಾಲ್ಕು ಉತ್ತರಗಳಿದ್ದಿದ್ದರೆ ಅವನು ಬೇರೆಯದನ್ನು ಒತ್ತುತ್ತಿದ್ದನೇನೋ.

ಚಿಕ್ಕಪ್ಪನ ರಿಕ್ಷಾದಲ್ಲಿ ಕುಳಿತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಮೇಲೂ ಅವನು ಬಾವಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆಟದಲ್ಲಿ ಒಂದು ಹಾಳು ಹಳ್ಳಿ ಇತ್ತು, ಅಲ್ಲಿ ಅವನು ಎಷ್ಟೋ ಸಲ ತಂಗಿದ್ದ. ಅಲ್ಲಿ ಬಾವಿ ಇತ್ತೆ? ಇತ್ತು ಅನಿಸಿತು. ಇಲ್ಲ, ಅದು ಬಿದ್ದ ನೀರಿನ ಟಾಂಕಿ. ಹಾಗಿದ್ದರೆ ಬಾವಿ ಊರಿನದು. ಆದರೆ ಬಾಗಿದ ಮರ? ಅದು ಮರವೋ, ಆಟದ ವಾಲಿದ ಲೈಟ್ ಕಂಬವೋ? ಹೀಗೆ ಒಂದೊಂದನ್ನೇ ಬೇರೆ ಮಾಡಿಡುತ್ತ ಹೋದಂತೆ ಎರಡೂ ಬದಿಯ ರಾಶಿಗಳು ಕರಗಿ, ನಡುವೆ ಒಂದು ಕೈ ಮಾತ್ರ ಉಳಿಯಿತು. ಬಾವಿಕಟ್ಟೆಯ ಮೇಲೆ ತಾನು ಕೂತಿದ್ದೇನೆ. ಬೂದಿಯಲ್ಲಿ ಸುಟ್ಟ ಹಲಸಿನ ಬೀಜವನ್ನು ಒಂದು ಕೈ ಸಿಪ್ಪೆ ಸುಲಿದು ತನ್ನ ಬಾಯಿಗಿಡುತ್ತಿದೆ. ಆಟದಲ್ಲಿ ಹಲಸಿನ ಬೀಜ ಇರುವುದು ಸಾಧ್ಯವಿಲ್ಲ. ಹಾಗಾದರೆ ಇದು ಅವ್ವಿಯ ಕೈ. ಆದರೆ ಕೈಗೆ ಬಳೆ ಇಲ್ಲ. ಆಗ ಅಪ್ಪ ಗಟ್ಟಿಮುಟ್ಟಾಗಿದ್ದ ಕಾಲ, ಅವ್ವಿಯ ಮೊಣಕೈತನಕ ಹಸಿರು ಬಳೆ ಇದ್ದಿರಬೇಕು. ಅಪ್ಪ ಹೋದ ಮೇಲಿನ ಬರಿಗೈಯನ್ನು ನೆನಪು ತನಗೆ ಅನುಕೂಲ ಕಂಡಂತೆ ಹಿಂದಕ್ಕೊಯ್ದು ಅಂಟಿಸಿದೆ ಎಂದು ಜಗದೀಶ ಸಮಾಧಾನ ಮಾಡಿಕೊಂಡ. ಕಂಪ್ಯೂಟರ್ ರಿಪೇರಿಯವರು ಇಂಥ ವಿವರಣೆಗಳನ್ನು ಬೇಗ ನಂಬುತ್ತಾರೆ.

“ನಂಗಾರೆ ಕಣ್ಣು ಮುಚ್ಚಿದ್ರೂ ಗೊತ್ತದೆ ಜಾಗ,” ಎಂದು ಮಾದ ಹ್ಯಾಂಡಲ್ ಬಿಟ್ಟು ಎರಡೂ ಕೈಯಲ್ಲಿ ತೋರಿಸಿದ. ಅವನು ಹದಿನೆಂಟಕ್ಕೇ ಗೋವಾದ ಮೀನಿನ ಟ್ರಾಲರ್ ಸೇರಿ, ಊರು ಖಾಲಿಯಾದ ಮೇಲೆ ತಿರುಗಿ ಬಂದವನು. “ಆದ್ರೆ ಹೇಳೂಕಾಗೂದಿಲ್ಲ ನೋಡು. ಕ್ರಮ ಅಂದ್ರೆ ಕ್ರಮ.”

“ಕಣ್ಣು ಬಿಟ್ಟು ಹ್ಯಾಂಡಲ್ ಹಿಡ್ಕೋ ಚಿಕ್ಕಪ್ಪ.”

ಗೇಟಿನಲ್ಲಿ ಮೊಬೈಲುಗಳನ್ನು ಇಟ್ಟುಕೊಂಡರು, ಬುಟ್ಟಿಯೊಳಗೆ ಇಣುಕಿದರು, ಕಾಯಿಯನ್ನು ಅಲುಗಿಸಿ ನೋಡಿದರು. ಒಳಗೆ ನೀರು ಕುಲುಕಿದ್ದು ಕೇಳಿ ಸಮಾಧಾನವಾದಂತೆ ವಾಪಸು ಕೊಟ್ಟರು. ಆಟದಲ್ಲಾದರೆ ಇಂಥ ಗೇಟಿನ ಮುಂದೆ ಅವನು ಮೊದಲು ಸೇವ್ ಮಾಡಿಕೊಳ್ಳುತ್ತಿದ್ದ. ಒಳಗೆ ಏನೇ ಎಡವಟ್ಟಾದರೂ ಮತ್ತೆ ಗೇಟಿನಿಂದ ಸುರು. ಅವನ ಹೆಬ್ಬೆರಳು ಬುಟ್ಟಿಯ ಅಂಚನ್ನು ಸುಮ್ಮನೆ ಒತ್ತಿತು. ಜೊತೆಗೆ ಬಂದ ಕಾವಲಿನ ಹುಡುಗ ಉತ್ತರದ ಕಡೆಯವನು, ಸೆಕೆಗೆ ಬೆಂದಿದ್ದ.

“ಕಿಧರ್ ಜಾನಾ ಹೈ?” ಎಂದು ಅವನು ಕೇಳಿದ.

“ಹಮಾರಾ ಭಗವಾನ್ ಉಧರ್ ಹೈ. ಪತ್ಥರ್ ಮೇ,” ಎಂದು ಮಾದ ತನ್ನ ಟ್ರಾಲರ್ ಹಿಂದಿಯಲ್ಲಿ ಹೇಳಿದ.

“ಕೌನ್‌ಸಾ ಪತ್ಥರ್?”

“ವೋ ಇಸ್‌ಕೋ ಮಾಲೂಮ್,” ಎಂದು ಮಾದ ಜಗದೀಶನ ಬೆನ್ನಿಗೆ ಬೆರಳು ಮಾಡಿದ. ಬೆರಳು ತಾಗದಿದ್ದರೂ ಜಗದೀಶನಿಗೆ ಬೆನ್ನಲ್ಲಿ ಚುಚ್ಚಿದಂತಾಯಿತು.

ಡಾಂಬರು ರಸ್ತೆ ಬಿಟ್ಟ ಮೇಲೆ ಎಲ್ಲ ಕಡೆ ಅಕೇಶಿಯಾ. ಇಲ್ಲಿ ಊರಿತ್ತೆಂದು ಹೇಳುವ ಗುರುತು ಏನೂ ಇರಲಿಲ್ಲ, ಅಥವಾ ಗುರುತೆಲ್ಲವೂ ಎಲ್ಲಿ ಬೇಕಾದರೂ ಇರಬಹುದಾದಂಥವು: ಒಂದು ಮೆಟ್ಟಿಲು, ಒಂದು ದರೆ, ಪೊದೆಯಡಿಯಲ್ಲಿ ತಳಪಾಯದ ಕೆಂಪು ಕಲ್ಲು. ಆಟದ ಹಾಳೂರುಗಳಲ್ಲಿ ಎಷ್ಟೊಂದು ಸಾಮಾನು ಇರುತ್ತಿತ್ತು! ಮಂಚ, ತೊಟ್ಟಿಲು, ಮೇಜಿನ ಮೇಲೆ ತಟ್ಟೆ, ತಟ್ಟೆಯ ಮುಂದೆ ಊಟಕ್ಕೆ ಕೂತಂತೆಯೇ ಎಲುಬುಗೂಡು. ಅಲ್ಲಿಯ ಜನ ಬಾಂಬು ಬಿದ್ದು ಒಂದೇ ಗಳಿಗೆಯಲ್ಲಿ ಹೋದವರು. ಇಲ್ಲಿಯವರು ತಿಂಗಳುಗಟ್ಟಲೆ ಹೆಂಚು ಇಳಿಸಿದವರು. ಅಪ್ಪ ಏಣಿಯ ಮೇಲೆ ನಿಂತು ಒಂದೊಂದೇ ಹೆಂಚನ್ನು ಕೊಡುತ್ತಿದ್ದ, ಅವ್ವಿ ಕೆಳಗೆ ಹಿಡಿಯುತ್ತಿದ್ದಳು, ತಾನು ಎಲ್ಲಿದ್ದೆ? ಆ ದಿನ ತಾನು ಎಲ್ಲಿದ್ದೆ ಎಂಬುದು ಚಿತ್ರದಲ್ಲಿರಲಿಲ್ಲ. ಹಿಂದೆ ಚಿಕ್ಕಪ್ಪನ ಚಪ್ಪಲಿ, ಅದರ ಹಿಂದೆ ಹುಡುಗನ ಬೂಟು. ಆಟದಲ್ಲಿ ಪರದೆಯ ನೆತ್ತಿಯ ಮೇಲೆ ಒಂದು ದಿಕ್ಸೂಚಿ ಇರುತ್ತದೆ, ಹೋಗಬೇಕಾದ ಕಡೆ ಚಿಕ್ಕ ಬಾಣ ಮಿನುಗುತ್ತದೆ. ಅವನು ಒಮ್ಮೆ ನಿಜಕ್ಕೂ ಕತ್ತೆತ್ತಿ ಮೇಲೆ ನೋಡಿದ. ಹಿಂದಿನಿಂದ ಚಿಕ್ಕಪ್ಪ ದೇವರ ಪ್ರೇರಣೆಯೆಂದು ತಿಳಿದು ಭಕ್ತಿಯಿಂದ ಕೆಮ್ಮಿದ.

ಆಮೇಲೆ ಬಾವಿ ಬಂತು.

ಜಗದೀಶನಿಗೆ ಅಳು ಬರುವಂತಾಯಿತು. ಕಟ್ಟೆ ಒಡೆದಿತ್ತು, ಒಡೆದಿರಬೇಕಾದ ಕಡೆಯೇ. ಬಾಗಿದ ಮರ ಇರಲಿಲ್ಲ. ಅದರ ಬೊಡ್ಡೆಯಿತ್ತು, ಅಥವಾ ಯಾವುದೋ ಮರದ ಬೊಡ್ಡೆ. ಅವನ ಕಾಲುಗಳು ಅವನನ್ನು ಕೇಳದೆ ಎಡಕ್ಕೆ ತಿರುಗಿದವು. ಪೊದೆ ಸರಿಸಿದಾಗ ಮೊಣಕಾಲೆತ್ತರದ ಕಲ್ಲೊಂದು ಪಾಚಿ ಹೊದ್ದು ನಿಂತಿತ್ತು. ಬುಟ್ಟಿ ಇಳಿಸಿದ. ಹಿಂದೆ ಮಾದ ಚಿಕ್ಕಪ್ಪ ಬಿಟ್ಟ ಉಸಿರಿನಲ್ಲಿ ಬೆಳಗಿನಿಂದ ತಡೆದಿಟ್ಟ ಮಾತೆಲ್ಲ ಇತ್ತು. ಕಾಯಿ ಒಂದೇ ಏಟಿಗೆ ಸಮನಾಗಿ ಎರಡಾಯಿತು.

“ತಗಂಡ ನೋಡು ಜಟಗ! ತಗಂಡ!” ಎಂದು ಮಾದ ಕೈ ಮುಗಿದ. “ಇದೇ ಜಾಗ ಹೇಳಿ ನಾ ಹೇಳ್ತೇ ಇದ್ನಲ.”

“ಎಲ್ಲಿ ಹೇಳ್ದೆ?”

“ಮನಸಲ್ಲಿ.”

ಕಾವಲಿನ ಹುಡುಗನಿಗೂ ಒಂದು ಚೂರು ಕೊಟ್ಟರು. ಅವನು ಟೋಪಿ ತೆಗೆದು ತಿಂದ. ಕುಡಿಯಲೆಂದು ತಂದ ಬಾಟಲಿಯ ನೀರಿನಲ್ಲೇ ಕೈ ತೊಳೆದರು. ಹುಡುಗ “ಜಲ್ದಿ, ಅಂಕಲ್” ಎನ್ನುವುದಕ್ಕೂ ಜಗದೀಶನ ಕಾಲಿಗೆ ಮಣ್ಣಿನಲ್ಲಿ ಏನೋ ಗಟ್ಟಿಯಾದದ್ದು ಸಿಗುವುದಕ್ಕೂ ಸರಿಹೋಯಿತು. ಅವನು ಬಗ್ಗಿದ, ಎತ್ತಿದ, ಜೇಬಿಗೆ ಹಾಕಿದ. ಇಷ್ಟೂ ಆದ ಮೇಲೆ ಇದು ತನ್ನ ಕೈ ಎಂದು ಗೊತ್ತಾಯಿತು. ಆಟದಲ್ಲಿ ಹೀಗೆ ಎತ್ತಿಕೊಂಡಾಗ ಟಿಣ್ ಎಂದು ಸಣ್ಣ ಸದ್ದಾಗಿ ವಸ್ತುವಿನ ಹೆಸರು ಮೂಲೆಯಲ್ಲಿ ಮೂಡುತ್ತದೆ. ಸದ್ದು ಕೇಳಿದಂತೆಯೂ ಆಯಿತು, ಹೆಸರು ಮೂಡಲಿಲ್ಲ. ಬೆರಳಾಡಿಸಿ ನೋಡಿದ: ಬೀಗ. ತುಕ್ಕು ತಿಂದು ದಪ್ಪವಾದ, ಹಾಕಿದಂತೆಯೇ ಇರುವ ಬೀಗ. ಅದರ ಕೊಂಡಿಯಲ್ಲಿ ಬಾಗಿಲಿನ ಚಿಲಕದ ಮುರುಕೊಂದು ಸಿಕ್ಕಿಕೊಂಡಿತ್ತು. ಅಲ್ಲೇ ಬಿಸಾಡಬೇಕಿತ್ತು. ಆದರೆ ಚಿಕ್ಕಪ್ಪನೆದುರು, ಈಗಷ್ಟೇ ಜಟಗ ತಗೊಂಡ ಜಾಗದಲ್ಲಿ, ಜೇಬಿನಿಂದ ಏನನ್ನಾದರೂ ತೆಗೆಯುವುದೆಂದರೆ ಹಾಕಿದ್ದನ್ನು ಒಪ್ಪಿಕೊಂಡಂತೆ. ಅವನು ಕಾಲಿನ ಧೂಳನ್ನು ಇತರರಿಗಿಂತ ಹೆಚ್ಚು ಹೊತ್ತು ಕೊಡವಿದ.

ಗೇಟಿನಲ್ಲಿ ಹೋಗುವಾಗ ಬುಟ್ಟಿಯಲ್ಲಿ ಇಣುಕಿದವರು ಬರುವಾಗ ಏನನ್ನೂ ನೋಡಲಿಲ್ಲ. ಇಲ್ಲಿಂದ ಒಯ್ಯುವಂಥದ್ದು ಏನೂ ಉಳಿದಿಲ್ಲವೆಂದು ಅವರಿಗೆ ಗೊತ್ತಿತ್ತು.

ಅವ್ವಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಮಗ್ಗುಲಲ್ಲಿ ಮುಚ್ಚಿಟ್ಟ ಗಂಜಿ. ಚಿಕ್ಕಪ್ಪ ಬಾಗಿಲಿನಿಂದಲೇ “ಸಮ ಎರಡು ಹೋಳು ಅತ್ತಿಗೆ, ಸಮ ಎರಡು!” ಎಂದು ಕೂಗಿ, ಬಾಡಿಗೆ ಉಂಟೆಂದು ಹೊರಟುಹೋದ. ಅವ್ವಿಯ ಮುಖ ಸಡಿಲವಾಯಿತು. ಅವಳು ಗಂಜಿಯ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು. ಉಣ್ಣುವ ಮೊದಲು ಇನ್ನಷ್ಟು ಕೇಳುವ ಆಸೆ.

“ಯಾವ ಬದಿಂದ ಹೋದ್ರಿ?”

“ಬಾವಿ ಹತ್ರ ಎಡಕ್ಕೆ.”

“ಯಾವ ಬಾವಿ?”

“ನಮ್ಮ ಬಾವಿ. ಕಟ್ಟೆ ಒಡೆದದ್ದು. ಮರ ಬಾಗಿತ್ತಲ...”

ಅವ್ವಿ ಗಂಜಿಯನ್ನು ದೂರ ಸರಿಸಿದಳು. ಹೊರಗೆ ಭಾರತಿ ಬಟ್ಟೆ ಕುಕ್ಕುತ್ತಿದ್ದ ಸದ್ದು. ಜಗದೀಶ ಮಾಡಿದ್ದು, ಆಟದಲ್ಲಿ ಮಾತು ಸಾಲದಾದಾಗ ಮಾಡುತ್ತಿದ್ದದ್ದೇ: ಚೀಲದಲ್ಲಿದ್ದುದನ್ನು ತೆಗೆದು ಕೊಟ್ಟುಬಿಡುವುದು. ಬೀಗವನ್ನು ಅವ್ವಿಯ ಕೈಯಲ್ಲಿಟ್ಟ. “ಅಲ್ಲಿತ್ತು. ಕಾಲಿಗೆ ಸಿಕ್ತು. ತರಬಾರ್ದಿತ್ತು, ಗೊತ್ತದೆ...”

ಗಂಗಿ ಬೀಗವನ್ನು ತಿರುಗಿಸಿದಳು. ಕೊಂಡಿ ಎಳೆದು ನೋಡಿದಳು. ಉಗುರಿನಿಂದ ತುಕ್ಕು ಕೆರೆದು ಮೂಸಿದಳು.

“ನಮ್ಮದಲ್ಲ,” ಎಂದಳು. “ನಿಮ್ಮಪ್ಪ ಒಂದು ಮೊಳೆ ಬಿಟ್ಟು ಬರ್ಲಿಲ್ಲ. ಯಾರೂ ಬಿಟ್ಟು ಬರ್ಲಿಲ್ಲ. ಬೀಗ ಹಾಕಿ ಬಂದವ್ಳು ಒಬ್ಳೇ. ಕಮಲಿ.”

ಕಮಲಿ ಪಕ್ಕದ ಹಿತ್ತಲಿನವಳು. ಗಂಡ ಸತ್ತವಳು, ಮಕ್ಕಳಿಲ್ಲದವಳು. ಊರು ಬಿಡುವ ದಿನ ಹೆಂಚು ಇಳಿಸಲು ಬಂದವರನ್ನು ಬೈದು ಓಡಿಸಿ, ಬಾಗಿಲಿಗೆ ಬೀಗ ಜಡಿದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂತೆಗೆ ಹೋಗುವವಳಂತೆ ಲಾರಿ ಹತ್ತಿದ್ದಳಂತೆ. ಚಿತ್ತಾಕುಲದ ಪುನರ್ವಸತಿಯಲ್ಲಿ ಅವಳ ಕೊನೆಯಾಯಿತು. ಇದನ್ನೆಲ್ಲ ಅವ್ವಿ ಬೀಗಕ್ಕೆ ಹೇಳುವಂತೆ ಹೇಳಿದಳು.

“ಬಾವಿ ಅವ್ಳದ್ದು. ನಮ್ಮನಿಗೆ ಬಾವಿ ಇರ್ಲಿಲ್ಲ ತಮಾ. ನೀರಿಗೆ ನಾ ಅಲ್ಲಿಗೆ ಹೋಗ್ತಿದ್ದೆ. ನೀ ಸೊಂಟದ ಮೇಲೆ ಕೂತು ಬರ್ತಿದ್ದಿ, ವಾಪಸು ಬರೂಕೆ ಕೇಳ್ತಿರ್ಲಿಲ್ಲ. ದೊಡ್ಡಾದ್ಮೇಲೂ ಅಷ್ಟೇ. ಶಾಲೆ ಬಿಟ್ಟು ಮೊದ್ಲು ಅಲ್ಲಿ.”

ಬಳೆಯಿಲ್ಲದ ಕೈ ಹಲಸಿನ ಬೀಜ ಹಿಡಿದು ಜಗದೀಶನ ಬಾಯಿಯ ಮುಂದೆ ನಿಂತಿತು. ಅಪ್ಪ ಹೆಂಚು ಇಳಿಸುತ್ತಿದ್ದಾಗ ತಾನು ಎಲ್ಲಿದ್ದೆನೆಂಬುದೂ ಗೊತ್ತಾಯಿತು.

“ಹಂಗಾರೆ ಕಾಯಿ...”

“ಅವ್ಳ ಜಟಗನಿಗೆ ಹೋಯ್ತು.” ಅವ್ವಿ ಸಣ್ಣಗೆ ನಕ್ಕಳು, ನಗು ಅರ್ಧಕ್ಕೆ ನಿಂತಿತು. “ಒಡೆಯೂಕೆ ಗಂಡಸಿಲ್ಲ, ನೀವಾರೂ ಒಡೀರಿ ಹೇಳಿ ಪ್ರತಿ ವರ್ಷ ಕೇಳೂಳು. ಒಂದ್ಮನೆ ಗಂಡಸು ಇನ್ನೊಂದ್ಮನೆ ಜಟಗನಿಗೆ ಒಡೆಯೂಕಾಗೂದಿಲ್ಲ ಹೇಳಿ ನಿಮ್ಮಪ್ಪ ಹೋಗ್ಲಿಲ್ಲ. ಅವ್ಳಿಗೆ ಬೇಕಾದದ್ದು ಆಯ್ತು ಈಗ.” ಆಮೇಲೆ ಹೊಸ ದನಿಯಲ್ಲಿ, ತೀರ ಸಾಮಾನ್ಯ ವಿಷಯ ವಿಚಾರಿಸುವವಳಂತೆ ಕೇಳಿದಳು: “ನಮ್ಮನಿದು ಎಂತ ನೆನಪದೆ ನಿಂಗೆ? ಒಂದಾರೂ ಹೇಳು.”

ಅವನು ಹುಡುಕಿದ. ಆ ಮನೆಯನ್ನು ಮೂಲೆ ಮೂಲೆ ಹುಡುಕಿದ. ಅಪ್ಪ ನಿಂತ ಏಣಿ ಸಿಕ್ಕಿತು. ಏಣಿ ಒರಗಿಸಿದ ಗೋಡೆ ಸಿಗಲಿಲ್ಲ.

“ಬಾಗ್ಲು,” ಎಂದ.

“ಅದು ಇಲ್ಲೇ ಅದೆಯಲೋ. ಬಚ್ಚಲಿಗೆ.”

ಅವ್ವಿ ಗಂಜಿಯನ್ನು ಎಳೆದುಕೊಂಡು ಉಂಡಳು. ಉಂಡದ್ದು ಹಸಿವಿಗೋ, ಸಿಟ್ಟಿಗೋ, ಕಮಲಿಯ ಜಟಗನ ಲೆಕ್ಕಕ್ಕೋ, ಅವನಿಗೆ ತಿಳಿಯಲಿಲ್ಲ. ಎಡಗೈಯಲ್ಲಿ ಬೀಗ ಹಾಗೇ ಇತ್ತು. ಉಂಡು ಮುಗಿಸಿ, “ಇನ್ನೊಂದು ವರ್ಷ ಹಸಿದೇ ಇರ್ಲಿ ನಮ್ಮ ಜಟಗ. ಬರೂ ಸಲ ನಾ ಬತ್ತೆ. ಹೊತ್ಕಂಡಾರೂ ಹೋಗು,” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮಲಗುವ ಮೊದಲು ಬೀಗವನ್ನು ತಲೆದಿಂಬಿನ ಪಕ್ಕಕ್ಕಿಟ್ಟಳು, ಹೆಚ್ಚು ಹತ್ತಿರವೂ ಅಲ್ಲ, ದೂರವೂ ಅಲ್ಲ, ಒಲ್ಲದ ನೆಂಟರಿಗೆ ಚಾಪೆ ಹಾಸುವಷ್ಟು ಅಂತರದಲ್ಲಿ.

ಅಂಗಡಿಗೆ ರಜೆ ಹೇಳಿಯಾಗಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಪರದೆಯ ಮೇಲೆ ಬೀಳುತ್ತಿತ್ತು. ಬಣ್ಣ ಕಿತ್ತಳೆ ಅಲ್ಲ, ಸುಮ್ಮನೆ ಬಿಳಿ. ಜಗದೀಶ ಆಟ ಹಚ್ಚಿದ. ನಡೆದುಕೊಂಡೇ ಆ ಹಾಳು ಹಳ್ಳಿಗೆ ಹೋದ. ಬಾವಿ ಇರಲಿಲ್ಲ. ನೀರಿನ ಟಾಂಕಿ ಕೂಡ ತಾನಂದುಕೊಂಡ ಕಡೆ ಇರಲಿಲ್ಲ. ಹಾಗಾದರೆ ಬೆಳಗಿನ ಸಂಶಯವೆಲ್ಲ ಸುಳ್ಳು, ನೆನಪಿನಲ್ಲಿದ್ದದ್ದೆಲ್ಲ ನಿಜ, ಕಲ್ಲು ಕಲ್ಲೂ ನಿಜ. ಮನೆ ಮಾತ್ರ ತನ್ನದಲ್ಲ, ಅಷ್ಟೆ. ಇದು ಸಮಾಧಾನದ ಮಾತೋ ಅಲ್ಲವೋ ಎಂದು ಯೋಚಿಸುತ್ತ ಅವನು ಬೀದಿಯ ಕೊನೆಯ ಮನೆಯ ಮುಂದೆ ಬಂದು ನಿಂತ. ಇದರ ಬಾಗಿಲನ್ನು ಅವನು ಈವರೆಗೆ ತೆಗೆದಿರಲಿಲ್ಲ. ಬೀಗ ಕಠಿಣದ್ದು, ಮೊದಲು ಅವನ ಪಾತ್ರಕ್ಕೆ ಬೀಗ ತೆಗೆಯುವ ಕೈಚಳಕ ಸಾಲುತ್ತಿರಲಿಲ್ಲ. ಈಗ ಸಾಕಷ್ಟಿತ್ತು. ಬೀಗ ಹಾಕಿದ ಮನೆಯಲ್ಲೇ ಒಳ್ಳೆಯ ಸಾಮಾನು ಸಿಗುವುದೆಂದು ಆಡುವವರಿಗೆಲ್ಲ ಗೊತ್ತು. ಅವನು ತಂತಿ ತೂರಿಸಿದ. ಬೀಗದೊಳಗೆ ಕಿರ್ರೆಂದು ಸದ್ದಾಯಿತು.

ನಿದ್ದೆ ಹೋಗಿದ್ದಾಳೆಂದುಕೊಂಡ ಅವ್ವಿ ಗೋಡೆಯ ಕಡೆಯಿಂದ ತಿರುಗದೆ ಕೇಳಿದಳು: “ಎಂತದೋ ಅದು?”

“ಬೀಗ, ಅವ್ವಿ. ಒಂದು ಮನೇದು.”

“ತೆಗೀಬೇಡ,” ಎಂದಳು ಗಂಗಿ. “ಬೀಗ ಹಾಕಿ ಹೋಗಿದ್ದಾರಲ. ಬತ್ತಾರೆ.”